‘ವಿಯೋಗ’ವೋ ‘ದುರ್ಯೋಗ’ವೋ: ಸ್ಕಿಜೋಫ್ರೀನಿಯದ ಸಂಬಂಧವಾದದ ವಿಮರ್ಶೆ

ಸ್ಕಿಜೋಫ್ರೀನಿಯ ಎಂಬ ಮನೋರೋಗದ ಮೂಲವೇನೆಂಬ ಪ್ರಶ್ನೆಗೆ ಇಂದಿನ ಪಠ್ಯಗ್ರಂಥಗಳಲ್ಲಿ ಸಾಮಾನ್ಯವಾಗಿ ದೊರೆಯುವ ಉತ್ತರವೊಂದುಂಟು. ಈ ರೋಗದಲ್ಲಿ ಮಿದುಳಿನ ಯಾವುದೊಂದು ಭಾಗವೂ ತಾನಾಗಿ ಕೆಟ್ಟಿರುವುದಿಲ್ಲ, ಭಾಗಭಾಗಗಳ ನಡುವಣ ಸಂಬಂಧ ಕೆಟ್ಟಿರುತ್ತದೆ ಎಂಬುದೇ ಆ ಉತ್ತರ. ಹೇಳುವುದಕ್ಕೆ ಸುಲಭ, ಕೇಳುವುದಕ್ಕೆ ಹಿತ, ಪರೀಕ್ಷೆಯಲ್ಲಿ ಬರೆಯುವುದಕ್ಕೆ ಅನುಕೂಲ. ನಾವೂ ಹಲವು ವರ್ಷ ಇದನ್ನು ತರಗತಿಯಲ್ಲಿ ಹಾಗೆಯೇ ಹೇಳಿಕೊಂಡು ಬಂದೆವು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಚಿತ್ರಪಟವೊಂದನ್ನು ಗೋಡೆಗೆ ತೂಗುಹಾಕಿ, ತಂತಿಗಳು ಕಡಿದರೆ ಊರೂರುಗಳ ನಡುವೆ ಮಾತು ಹೇಗೆ ನಿಂತುಹೋಗುವುದೋ ಹಾಗೆ ಎಂದು ವಿವರಿಸುತ್ತಿದ್ದೆವು. ಒಂದು ದಿನ ಪಾಠ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಹಿಂದೆ ಉಳಿದಳು. “ನಮ್ಮಣ್ಣನಿಗೆ ಈ ಕಾಯಿಲೆ ಇದೆ ಸಾರ್. ಅವನ ತಲೆಯಲ್ಲಿ ಕಡಿದಿರುವ ತಂತಿ ಯಾವುದು? ಅದು ಮತ್ತೆ ಕೂಡಿಕೊಳ್ಳುತ್ತದೆಯೇ?” ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಉತ್ತರ ನಮ್ಮಲ್ಲಿರಲಿಲ್ಲ, ಹುಡುಕಿದಾಗ ಗ್ರಂಥಗಳಲ್ಲಿಯೂ ಸಿಕ್ಕಲಿಲ್ಲ. ಆ ಹುಡುಕಾಟದ ಫಲವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುವುದು ಲೇಸು. ಸಂಬಂಧವಾದವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಈ ರೋಗವನ್ನು ಕುರಿತು ಹುಟ್ಟಿರುವ ವಾದಗಳಲ್ಲಿ ಇದು ಹೆಚ್ಚು ವಿಚಾರಸಹವಾದುವುಗಳಲ್ಲಿ ಒಂದು. ನಮ್ಮ ಆಕ್ಷೇಪವಿರುವುದು ‘ಸಂಬಂಧ’ ಎಂಬ ಶಬ್ದವನ್ನು ಬಳಸುತ್ತಿರುವ ರೀತಿಯ ಮೇಲೆ. ಒಂದೇ ಶಬ್ದ ಮೂರು ಬೇರೆ ಬೇರೆ ವಸ್ತುಗಳಿಗೆ ನಿಂತಿದೆ. ಒಂದರ ವಿಷಯದಲ್ಲಿ ಸಿಕ್ಕಿದ ಸಾಕ್ಷ್ಯವನ್ನು ಇನ್ನೊಂದರ ಲೆಕ್ಕಕ್ಕೆ ಜಮಾ ಮಾಡಲಾಗುತ್ತಿದೆ. ಗುಂಪಿನ ಸರಾಸರಿಗೆ ಸಲ್ಲುವ ಮಾತನ್ನು ಒಬ್ಬ ವ್ಯಕ್ತಿಯ ತಲೆಗೆ ಹೊರಿಸಲಾಗುತ್ತಿದೆ. ನಮ್ಮ ಚಿತ್ರಪಟ ಮಾಡಿದ ತಪ್ಪೂ ಇದೇ.

ಈ ವಾದ ಹೊಸದಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ವಿಯೆನ್ನದ ಥಿಯೋಡೋರ್ ಮೈನೆರ್ಟನು ಮಿದುಳಿನ ಶ್ವೇತದ್ರವ್ಯದಲ್ಲಿರುವ ತಂತುಗಳನ್ನು ವಿಂಗಡಿಸಿದನು. ಒಂದೇ ಗೋಳಾರ್ಧದ ಬೇರೆ ಬೇರೆ ಭಾಗಗಳನ್ನು ಕೂಡಿಸುವ ತಂತುಗಳು ಅವನ ವಿಂಗಡಣೆಯಲ್ಲಿ ‘ಸಾಹಚರ್ಯ ತಂತು’ಗಳಾದವು. ಈ ಹೆಸರಿನ ಹುಟ್ಟನ್ನು ಗಮನಿಸಬೇಕು. ಒಂದು ಭಾವನೆ ಇನ್ನೊಂದು ಭಾವನೆಯನ್ನು ತನ್ನೊಡನೆ ಎಳೆದು ತರುವುದೆಂಬ ಸಾಹಚರ್ಯ ತತ್ತ್ವ ಆಗಲೇ ಯೂರೋಪಿನ ದಾರ್ಶನಿಕರಲ್ಲಿ ರೂಢವಾಗಿತ್ತು. ಮನಸ್ಸನ್ನು ಕುರಿತ ಆ ಶಬ್ದ ಮಾಂಸದ ತಂತುವಿಗೆ ಅಂಟಿಕೊಂಡಿತು. ಮೈನೆರ್ಟನ ಬಳಿ ಕಲಿತ ಕಾರ್ಲ್ ವೆರ್ನಿಕೆ 1874ರಲ್ಲಿ ಭಾಷಾಲೋಪವನ್ನು ಕುರಿತು ಬರೆದ ಪುಸ್ತಿಕೆಯಿಂದ ಪ್ರಸಿದ್ಧನಾದನು. ಮುಂದೆ ಅದೇ ಮಾರ್ಗವನ್ನು ಮನೋರೋಗಗಳಿಗೂ ವಿಸ್ತರಿಸಿ, 1900ರಲ್ಲಿ ಪೂರ್ಣಗೊಂಡ ತನ್ನ ಮನೋವೈದ್ಯ ಗ್ರಂಥದಲ್ಲಿ ‘ಸೆಜಂಕ್ಷನ್’, ಎಂದರೆ ಬೇರ್ಪಡೆ, ಎಂಬ ಪದವನ್ನು ಉಪಯೋಗಿಸಿದನು. ಸಾಹಚರ್ಯಗಳ ಕಟ್ಟು ಬಿಚ್ಚಿದಾಗ ಚಿತ್ತವಿಕಾರ ಉಂಟಾಗುವುದೆಂಬುದು ಅವನ ಮತ. 1904ರಲ್ಲಿ ಓಟ್ಟೊ ಗ್ರಾಸ್ ಎಂಬುವನು ಇದೇ ಪದವನ್ನು ರೋಗದ ಹೆಸರಿಗೇ ಸೇರಿಸಬೇಕೆಂದು ಸೂಚಿಸಿದ್ದುಂಟು. ಆ ಸೂಚನೆ ನಿಲ್ಲಲಿಲ್ಲ.

ನಿಂತದ್ದು ಜ್ಯೂರಿಕ್‌ನ ಆಯ್ಗನ್ ಬ್ಲಾಯ್ಲರನು 1908ರಲ್ಲಿ ಬರ್ಲಿನ್ನಿನ ಉಪನ್ಯಾಸದಲ್ಲಿ ಮುಂದಿಟ್ಟು, 1911ರ ಗ್ರಂಥದಲ್ಲಿ ಪ್ರತಿಪಾದಿಸಿದ ಹೆಸರು. ಎಮಿಲ್ ಕ್ರೆಪೆಲಿನ್ನನು ಈ ರೋಗವನ್ನು ‘ಅಕಾಲ ಬುದ್ಧಿನಾಶ’ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಕರೆದಿದ್ದನು. ರೋಗಿಗಳೆಲ್ಲರಿಗೂ ಬುದ್ಧಿನಾಶವಾಗುವುದಿಲ್ಲ, ಎಲ್ಲರಿಗೂ ಎಳೆಯ ವಯಸ್ಸಿನಲ್ಲೇ ಬರುವುದೂ ಇಲ್ಲವೆಂದು ಕಂಡು, ಬ್ಲಾಯ್ಲರನು ಗ್ರೀಕಿನ ‘ಸೀಳು’ ಮತ್ತು ‘ಮನಸ್ಸು’ ಎಂಬರ್ಥದ ಎರಡು ಶಬ್ದಗಳನ್ನು ಕೂಡಿಸಿ ಸ್ಕಿಜೋಫ್ರೀನಿಯ ಎಂದನು. ಅವನಲ್ಲಿಯೂ ಸಾಹಚರ್ಯಗಳ ಸಡಿಲಿಕೆಯೇ ಮೂಲಲಕ್ಷಣ. ಆದರೆ ಆ ಸಡಿಲಿಕೆಯನ್ನು ಅವನು ಕಂಡದ್ದು ರೋಗಿಯ ಮಾತಿನಲ್ಲಿ, ಒಂದು ವಾಕ್ಯಕ್ಕೂ ಮುಂದಿನ ವಾಕ್ಯಕ್ಕೂ ಹೊಂದಿಕೆ ತಪ್ಪುವುದರಲ್ಲಿ. ವೆರ್ನಿಕೆಯ ಬೇರ್ಪಡೆ ಇರುವುದು ತಂತುಗಳಲ್ಲಿ. ಹೀಗೆ ಒಂದೇ ಶಬ್ದ ಎರಡು ಮನೆಗಳಲ್ಲಿ ವಾಸಮಾಡಿತು. ಅದು ಈ ಮನೆಯಿಂದ ಆ ಮನೆಗೆ ಯಾವಾಗ ದಾಟುತ್ತದೆಂಬುದನ್ನು ಗಮನಿಸದೆ ಓದಿದವರಿಗೆ, ಮಾತಿನ ಸಡಿಲಿಕೆಯೇ ತಂತುವಿನ ಸಡಿಲಿಕೆಗೆ ಸಾಕ್ಷಿಯೆಂದು ತೋರುವುದು ಸಹಜ.

ನಡುವಣ ಕಥೆಯನ್ನು ಬೇಗ ಮುಗಿಸಬಹುದು. ಸೂಕ್ಷ್ಮದರ್ಶಕದ ಕೆಳಗೆ ಈ ರೋಗಿಗಳ ಮಿದುಳಿನಲ್ಲಿ ನಿಶ್ಚಿತವಾದ ಗಾಯವೇನೂ ದಶಕಗಟ್ಟಲೆ ಕಾಣಿಸಲಿಲ್ಲ. 1965ರಲ್ಲಿ ನಾರ್ಮನ್ ಗೆಶ್ವಿಂಡ್ ಮಿದುಳಿನ ಭಾಗಗಳ ನಡುವೆ ದಾರಿ ಕಡಿದಾಗ ಆಗುವ ವಿಕಾರಗಳನ್ನು ಕುರಿತ ದೀರ್ಘಲೇಖನದಿಂದ ವೆರ್ನಿಕೆಯ ಮಾರ್ಗಕ್ಕೆ ಮತ್ತೆ ಜೀವ ಕೊಟ್ಟರು. 1976ರಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮೊದಲಾದವರು ಇಂಗ್ಲೆಂಡಿನಲ್ಲಿ ಸಿ. ಟಿ. ಚಿತ್ರಗಳ ಮೂಲಕ ದೀರ್ಘಕಾಲದ ರೋಗಿಗಳ ಮಿದುಳಿನ ಕುಹರಗಳು ಹಿಗ್ಗಿರುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಈ ವಿಷಯ ಚಿತ್ರಯಂತ್ರಗಳ ಕೈಗೆ ಹೋಯಿತು.

ಈಗ ಪ್ರಕೃತ ವಿಮರ್ಶೆಗೆ ಬರೋಣ. ಇಂದಿನ ಸಂಬಂಧವಾದದ ಆಕರಗಳೆಂದು ಮೂರು ಲೇಖನಗಳನ್ನು ಹಿಡಿಯಬಹುದು. ಮೊದಲನೆಯದು 1995ರಲ್ಲಿ ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಕ್ರಿಸ್ ಫ್ರಿತ್ ಬರೆದದ್ದು. ಸ್ಕಿಜೋಫ್ರೀನಿಯವು ಒಂದು ವಿಯೋಗ ರೋಗವೇ ಎಂಬುದು ಅದರ ತಲೆಬರಹ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಎರಡನೆಯದು 1998ರ ಫ್ರಿಸ್ಟನ್‌ರ ಲೇಖನ. ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹೋಗಿ, ವಿಯೋಗವಾದ ಎಂದಷ್ಟೇ ಉಳಿದಿದೆ. ಮೂರನೆಯದು 2016ರಲ್ಲಿ ಫ್ರಿಸ್ಟನ್ ಮತ್ತು ಸಂಗಡಿಗರು ಬರೆದದ್ದು. ಅದರ ತಲೆಬರಹದಲ್ಲಿ ಒಂದು ಅಕ್ಷರ ಬದಲಾಗಿದೆ. ಜೊತೆಗೆ, ನಿಘಂಟಿನ ಪರಿಷ್ಕೃತ ಮುದ್ರಣವೋ ಎಂಬಂತೆ, ಇಸವಿಯೂ ತಲೆಬರಹದೊಳಗೇ ಸೇರಿಕೊಂಡಿದೆ. ಚಿಹ್ನೆ ಹೋದದ್ದೂ ಅಕ್ಷರ ಬದಲಾದದ್ದೂ ಅಲ್ಪ ವಿಷಯಗಳಲ್ಲವೆಂದು ನಮ್ಮ ಅಭಿಪ್ರಾಯ.

ಅಕ್ಷರದ ವಿಚಾರವನ್ನು ಮೊದಲು ನೋಡೋಣ. ಇಂಗ್ಲಿಷಿನಲ್ಲಿ ‘ಡಿಸ್’ ಎಂದು ಉಚ್ಚರಿಸುವ ಎರಡು ಉಪಸರ್ಗಗಳಿವೆ. ಒಂದು ಲ್ಯಾಟಿನ್ನಿನದು, ಅಗಲಿಕೆಯನ್ನು ಸೂಚಿಸುತ್ತದೆ; ಇನ್ನೊಂದು ಗ್ರೀಕಿನದು, ಕೆಡುಕನ್ನು ಸೂಚಿಸುತ್ತದೆ, ನಮ್ಮ ‘ದುಸ್’ ಉಪಸರ್ಗದ ಜ್ಞಾತಿ. ಕಿವಿಗೆ ಎರಡೂ ಒಂದೇ, ಬರವಣಿಗೆಯಲ್ಲಿ ಒಂದೇ ಸ್ವರದ ಭೇದ. ಕನ್ನಡದಲ್ಲಿ ಹೇಳಿದರೆ ಮಾತ್ರ ಅಂತರ ಎದ್ದು ಕಾಣುತ್ತದೆ: ಮೊದಲನೆಯದು ‘ವಿಯೋಗ’, ಎರಡನೆಯದು ‘ದುರ್ಯೋಗ’. ವಿಯೋಗವೆಂದರೆ ಕೂಡಿದ್ದುದು ಅಗಲಿತು. ದುರ್ಯೋಗವೆಂದರೆ ಕೂಡಿಯೇ ಇದೆ, ಆದರೆ ಕೂಡಿದ ಬಗೆ ಸರಿಯಿಲ್ಲ. ಹೆಚ್ಚಾಗಿರಬಹುದು, ಕಡಿಮೆಯಾಗಿರಬಹುದು, ಕಾಲ ತಪ್ಪಿರಬಹುದು. ಮೊದಲ ಲೇಖನದ ಕರ್ತೃಗಳೂ ತಂತುಗಳು ಕಡಿದುಹೋಗಿವೆಯೆಂದು ಹೇಳಲಿಲ್ಲ. ಶಬ್ದಗಳನ್ನು ನೆನೆದು ಹೇಳುವ ಕೆಲಸದಲ್ಲಿ ಹಣೆಯ ಹಿಂದಿನ ಭಾಗವೂ ಕಿವಿಯ ಮೇಲಣ ಭಾಗವೂ ಹೊಂದಿಕೊಂಡು ನಡೆಯಬೇಕಾದಲ್ಲಿ ರೋಗಿಗಳಲ್ಲಿ ಆ ಹೊಂದಿಕೆ ಬೇರೆಯಾಗಿ ಕಂಡಿತೆಂದು ಅವರು ಹೇಳಿದ್ದು. 1998ರ ಲೇಖನದಲ್ಲಿ ದೋಷ ಇನ್ನೂ ಸೂಕ್ಷ್ಮವಾಗಿದೆ: ನರಕೋಶಗಳ ಸಂಧಿಗಳು ಅನುಭವದಿಂದ ಬಲಗೊಳ್ಳುವ ಅಥವಾ ಕ್ಷೀಣಿಸುವ ಗುಣವನ್ನು ಹದದಲ್ಲಿಡುವ ವ್ಯವಸ್ಥೆ ಕೆಟ್ಟಿದೆ. 2016ರ ವೇಳೆಗೆ ವಾದವು ಎನ್‌ಎಂಡಿಎ ಎಂಬ ಗ್ರಾಹಿಯನ್ನೂ, ತನ್ನ ಊಹೆಗೂ ಇಂದ್ರಿಯಗಳ ವರದಿಗೂ ಎಷ್ಟೆಷ್ಟು ಬೆಲೆ ಕೊಡಬೇಕೆಂದು ಮಿದುಳು ಹಾಕುವ ಲೆಕ್ಕವನ್ನೂ ಒಳಗೊಂಡಿದೆ. ಹೀಗಿರುವಲ್ಲಿ ಕಡಿದ ತಂತಿಯ ಚಿತ್ರ ಎಲ್ಲಿಂದ ಬಂತು? ಶಬ್ದದಿಂದ ಬಂತು. ಕರ್ತೃಗಳು ಸೂಕ್ಷ್ಮವಾಗಿ ಹೇಳಿದ್ದನ್ನು ಶಬ್ದ ಸ್ಥೂಲವಾಗಿ ಸಾರಿತು. ಈ ದೋಷ ಅರಿವಾಗಿಯೇ 2006ರಿಂದೀಚೆಗೆ ಅವರ ಗುಂಪು ಅಕ್ಷರವನ್ನು ತಿದ್ದಿಕೊಂಡಿತು. ಆದರೆ ಪಠ್ಯಗ್ರಂಥಗಳು ತಿದ್ದಿಕೊಳ್ಳಲಿಲ್ಲ, ನಾವೂ ತಿದ್ದಿಕೊಳ್ಳಲಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ವಿಚಾರಕ್ಕೆ ನಮ್ಮ ಆಲಂಕಾರಿಕರ ಪರಿಭಾಷೆ ನೆರವಾಗುತ್ತದೆ. ಮುಖ ಚಂದ್ರನಂತಿದೆ ಎಂದರೆ ಉಪಮೆ. ಮುಖವೇ ಚಂದ್ರ ಎಂದರೆ ರೂಪಕ. ಉಪಮೆಯಲ್ಲಿ ‘ಅಂತೆ’ ಎಂಬ ಮಾತು ನಮ್ಮನ್ನು ಎಚ್ಚರದಲ್ಲಿಡುತ್ತದೆ, ರೂಪಕದಲ್ಲಿ ಆ ಕಾವಲು ಇಲ್ಲ. ಕಾವ್ಯಕ್ಕೆ ರೂಪಕ ಭೂಷಣ. ಶಾಸ್ತ್ರದಲ್ಲಿ ಉಪಮೆ ರೂಪಕವಾಗಿ ಜಾರುವುದು ಪ್ರಮಾದಕ್ಕೆ ದಾರಿ. ಸ್ಕಿಜೋಫ್ರೀನಿಯದಲ್ಲಿ ಮನಸ್ಸು ಸಂಬಂಧ ತಪ್ಪಿದಂತೆ ವರ್ತಿಸುತ್ತದೆ ಎಂಬ ಉಪಮೆ, ಸ್ಕಿಜೋಫ್ರೀನಿಯವೆಂದರೆ ಸಂಬಂಧ ತಪ್ಪಿದ ಮಿದುಳು ಎಂಬ ರೂಪಕವಾಗಿ ಮಾರ್ಪಟ್ಟಿದೆ.

ಇನ್ನು ಸಾಕ್ಷ್ಯಗಳ ಪರಿಶೀಲನೆ. ‘ಸಂಬಂಧ’ಕ್ಕೆ ಮೂರು ಅರ್ಥಗಳೆಂದೆವು. ಒಂದು ತಂತುರೂಪದ ಸಂಬಂಧ, ಎಂದರೆ ಶ್ವೇತದ್ರವ್ಯದ ದಾರಿಗಳು. ಎರಡನೆಯದು ಎರಡು ಭಾಗಗಳ ಚಟುವಟಿಕೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು, ಎಂದರೆ ಸಹಸಂಬಂಧ. ಮೂರನೆಯದು ಒಂದು ಭಾಗ ಇನ್ನೊಂದನ್ನು ನಿಜವಾಗಿ ಪ್ರಭಾವಿಸುವುದು, ಎಂದರೆ ಕಾರ್ಯಕಾರಣ ಸಂಬಂಧ. ವಾದ ನಿಂತಿರುವುದು ಮೂರನೆಯದರ ಮೇಲೆ, ಸಾಕ್ಷ್ಯ ದೊರೆಯುವುದು ಬಹುತೇಕ ಮೊದಲೆರಡರಿಂದ.

ತಂತುಗಳ ವಿಷಯವಾಗಿ ಇದುವರೆಗಿನ ದೊಡ್ಡ ಸಾಕ್ಷ್ಯಗಳಲ್ಲೊಂದು ‘ಎನಿಗ್ಮ’ ಎಂಬ ಅಂತರರಾಷ್ಟ್ರೀಯ ಕೂಟ 2018ರಲ್ಲಿ ಪ್ರಕಟಿಸಿದ್ದು. 29 ಅಧ್ಯಯನಗಳಿಂದ 1963 ರೋಗಿಗಳನ್ನೂ 2359 ಆರೋಗ್ಯವಂತರನ್ನೂ ಒಂದೇ ಕ್ರಮದಲ್ಲಿ ಅಳೆದು ಹೋಲಿಸಿದರು. ಅಳತೆಯ ಬಗೆಯನ್ನು ತಿಳಿದರೆ ಫಲಿತಾಂಶದ ತೂಕ ತಿಳಿಯುತ್ತದೆ. ಎಂ. ಆರ್. ಐ. ಯಂತ್ರ ತಂತುಗಳನ್ನು ನೋಡುವುದಿಲ್ಲ. ನೀರಿನ ಕಣಗಳು ಯಾವ ದಿಕ್ಕಿನಲ್ಲಿ ಸುಲಭವಾಗಿ ಹರಡಿಕೊಳ್ಳುತ್ತವೆಂಬುದನ್ನು ಅಳೆಯುತ್ತದೆ. ತಂತುಗಳು ಒತ್ತೊತ್ತಾಗಿ ಒಂದೇ ದಿಕ್ಕಿಗೆ ಹೊರಟಿರುವಲ್ಲಿ ನೀರು ಅವುಗಳ ಉದ್ದಕ್ಕೆ ಹೆಚ್ಚಾಗಿಯೂ ಅಡ್ಡಕ್ಕೆ ಕಡಿಮೆಯಾಗಿಯೂ ಚಲಿಸುತ್ತದೆ. ಈ ಭೇದವನ್ನು ಸೊನ್ನೆಯಿಂದ ಒಂದರವರೆಗಿನ ಅಂಕದಿಂದ ಸೂಚಿಸುತ್ತಾರೆ. ಇಲ್ಲಿ ಅದನ್ನು ದಿಕ್ಕಿನಂಕವೆಂದು ಕರೆಯೋಣ. ರೋಗಿಗಳಲ್ಲಿ ಈ ಅಂಕ ಮಿದುಳಿನ ಒಂದೆರಡು ಕಡೆಯಲ್ಲ, ಬಹುತೇಕ ಎಲ್ಲೆಡೆ ಸ್ವಲ್ಪ ಸ್ವಲ್ಪ ಕಡಿಮೆಯಿತ್ತು. ಎರಡು ಗೋಳಾರ್ಧಗಳನ್ನು ಕೂಡಿಸುವ ಕಾರ್ಪಸ್ ಕೆಲೋಸಮ್ ಹೆಚ್ಚು ವ್ಯತ್ಯಾಸ ತೋರಿದ ಭಾಗಗಳಲ್ಲಿ ಒಂದು. ಔಷಧದ ಪ್ರಮಾಣಕ್ಕೂ ಈ ಇಳಿತಕ್ಕೂ ನಿಶ್ಚಿತವಾದ ನಂಟು ಕಂಡುಬರಲಿಲ್ಲ. ಇದು ಆದರಣೀಯವಾದ ಕೆಲಸ. ಹತ್ತಿಪ್ಪತ್ತು ರೋಗಿಗಳನ್ನು ಅಳೆದು ಒಂದೊಂದು ಗುಂಪು ಒಂದೊಂದು ದಾರಿಯ ಹೆಸರು ಹೇಳುತ್ತಿದ್ದ ಗೊಂದಲವನ್ನು ಇದು ಬಹುಮಟ್ಟಿಗೆ ತೀರಿಸಿತು.

ಆದರೆ ‘ಸ್ವಲ್ಪ’ ಎಂದರೆ ಎಷ್ಟು? ಇಡೀ ಮಿದುಳಿನ ಸರಾಸರಿ ದಿಕ್ಕಿನಂಕವನ್ನು ತೆಗೆದುಕೊಂಡರೆ, ಎರಡು ಗುಂಪುಗಳ ಅಂತರವು ಗುಂಪಿನೊಳಗಣ ವ್ಯಕ್ತಿವ್ಯತ್ಯಾಸದ ಮಾನದಲ್ಲಿ, ಎಂದರೆ ಮಾನಕ ವಿಚಲನೆಯಲ್ಲಿ, 0.42. ಎರಡು ಗುಂಪುಗಳ ಅಂಕಗಳೂ ಸಮಾನ ಹರಹಿನ ಸಾಮಾನ್ಯ ವಕ್ರರೇಖೆಯನ್ನು ಅನುಸರಿಸುತ್ತವೆಂದು ಇಟ್ಟುಕೊಂಡು ನಾವೇ ಲೆಕ್ಕ ಹಾಕಿದೆವು. ಎರಡು ರೇಖೆಗಳು ನೂರಕ್ಕೆ ಸುಮಾರು 83 ಪಾಲು ಒಂದರ ಮೇಲೊಂದು ಬೀಳುತ್ತವೆ. ಒಬ್ಬ ರೋಗಿಯನ್ನೂ ಒಬ್ಬ ಆರೋಗ್ಯವಂತನನ್ನೂ ಯಾದೃಚ್ಛಿಕವಾಗಿ ಆರಿಸಿ, ಅಂಕ ಕಡಿಮೆಯಿರುವವನೇ ರೋಗಿ ಎಂದು ಊಹಿಸಿದರೆ, ನೂರರಲ್ಲಿ ಸುಮಾರು 62 ಸಲ ನಮ್ಮ ಊಹೆ ಸರಿಯಾದೀತು. ನಾಣ್ಯ ಚಿಮ್ಮಿದರೆ 50 ಸಲ ಸರಿಯಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆಯ ಜನರಲ್ಲಿ ಈ ಅಂತರ ಸತ್ಯವೆಂಬುದು ನಿಸ್ಸಂದೇಹ. ಆ ವಿದ್ಯಾರ್ಥಿನಿಯ ಅಣ್ಣನ ವಿಷಯದಲ್ಲಿ ಅದು ಏನನ್ನೂ ಹೇಳದೆಂಬುದೂ ಅಷ್ಟೇ ನಿಸ್ಸಂದೇಹ.

ಇನ್ನೊಂದು ತೊಡಕನ್ನು ಉಪೇಕ್ಷಿಸಲಾಗದು. ದಿಕ್ಕಿನಂಕ ಇಳಿದರೆ ತಂತುಗಳ ‘ಸಮಗ್ರತೆ’ ಕೆಟ್ಟಿತೆಂದು ಬರೆಯುವ ರೂಢಿ ಬೆಳೆದಿದೆ. ತಂತುಗಳ ಮೇಲ್ಹೊದಿಕೆಯಾದ ಮಯಲಿನ್ ತೆಳುವಾದರೂ ಅಂಕ ಇಳಿಯುತ್ತದೆ. ಎರಡು ದಾರಿಗಳು ಅಡ್ಡಹಾಯುವಲ್ಲಿ ಎರಡೂ ಸುಸ್ಥಿತಿಯಲ್ಲಿದ್ದರೂ ಇಳಿಯುತ್ತದೆ. ತಂತುಗಳ ನಡುವಣ ನೀರು ಹೆಚ್ಚಿದರೂ ಇಳಿಯುತ್ತದೆ. ಡೆರೆಕ್ ಜೋನ್ಸ್ ಮತ್ತು ಸಂಗಡಿಗರು 2013ರಲ್ಲಿಯೇ ಈ ‘ಸಮಗ್ರತೆ’ ಎಂಬ ಮಾತನ್ನು ಕೈಬಿಡಬೇಕೆಂದು ವಾದಿಸಿದ್ದರು. ಅವರ ಮಾತಿಗೆ ಸಂದ ಗೌರವ ಸಾಲದು.

ಸಹಸಂಬಂಧದ ಕಡೆ ತಿರುಗಿದರೆ ಎಚ್ಚರ ಇನ್ನೂ ಹೆಚ್ಚು ಬೇಕು. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ವ್ಯಕ್ತಿ ಸುಮ್ಮನೆ ಮಲಗಿದ್ದಾಗಲೂ ಎಡ ಬಲ ಚಾಲಕ ಭಾಗಗಳ ರಕ್ತಸಂಚಾರದ ಸಂಜ್ಞೆ ಒಟ್ಟಿಗೆ ಮೆಲ್ಲನೆ ಏರಿಳಿಯುವುದನ್ನು ತೋರಿಸಿದರು. ರೋಗಿಗೆ ಯಾವ ಕೆಲಸವನ್ನೂ ಕೊಡಬೇಕಾಗಿಲ್ಲವಾದ್ದರಿಂದ ಈ ಕ್ರಮ ಮನೋವೈದ್ಯರಿಗೆ ಪ್ರಿಯವಾಯಿತು. ಆದರೆ ಒಟ್ಟಿಗೆ ಏರಿಳಿಯುವುದೇ ಸಂಬಂಧವೇ? ಮಳೆಗಾಲದಲ್ಲಿ ಅಕ್ಕಪಕ್ಕದ ಎರಡು ಊರುಗಳ ಬಾವಿಗಳಲ್ಲಿ ನೀರು ಒಟ್ಟಿಗೆ ಏರುತ್ತದೆ, ಬೇಸಗೆಯಲ್ಲಿ ಒಟ್ಟಿಗೆ ಇಳಿಯುತ್ತದೆ. ಅವೆರಡರ ನಡುವೆ ಸುರಂಗವಿದೆಯೆಂದು ಯಾರೂ ಹೇಳುವುದಿಲ್ಲ. ಸುರಂಗ ಇರಲೂಬಹುದು, ಅದನ್ನು ಬೇರೆ ಪ್ರಮಾಣದಿಂದ ತೋರಿಸಬೇಕು. ನಮ್ಮ ನೈಯಾಯಿಕರು ಸಾಹಚರ್ಯವನ್ನು ಕಂಡ ಮಾತ್ರಕ್ಕೆ ವ್ಯಾಪ್ತಿ ಸಿದ್ಧಿಸದೆಂದು ಹೇಳುವುದೂ ಇದನ್ನೇ.

ಈ ಅಳತೆಗೆ ತಲೆಯ ಅಲುಗಾಟವೆಂಬ ಇನ್ನೊಂದು ಕಂಟಕವೂ ಇದೆ. 2012ರಲ್ಲಿ ಮೂರು ಗುಂಪುಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಪ್ರಕಟಿಸಿದವು. ಯಂತ್ರದೊಳಗೆ ತಲೆ ಮಿಲಿಮೀಟರಿನ ಭಾಗದಷ್ಟು ಅಲುಗಿದರೂ ದೂರದ ಭಾಗಗಳ ಸಹಸಂಬಂಧ ಕಡಿಮೆಯಾದಂತೆಯೂ ಹತ್ತಿರದ ಭಾಗಗಳದು ಹೆಚ್ಚಾದಂತೆಯೂ ತೋರುತ್ತದೆ. ಅಷ್ಟರಲ್ಲಿ ಹಲವು ರೋಗಗಳ ವಿಷಯದಲ್ಲಿ ದೂರದ ಸಂಬಂಧ ಕ್ಷೀಣಿಸಿದೆ ಎಂಬ ಫಲಿತಾಂಶಗಳು ಮುದ್ರಣವಾಗಿಹೋಗಿದ್ದವು. ಕಳವಳಗೊಂಡ ರೋಗಿ, ಅದರಲ್ಲಿಯೂ ಇಲ್ಲದ ದನಿಗಳನ್ನು ಕೇಳುತ್ತಿರುವವನು, ಗಡಗಡಿಸುವ ಕೊಳವೆಯೊಳಗೆ ಕಲ್ಲಿನಂತೆ ಮಲಗಿರಬೇಕೆಂದು ನಿರೀಕ್ಷಿಸುವುದು ಹೇಗೆ? ಅಲುಗಾಟವನ್ನು ಲೆಕ್ಕದಿಂದ ಕಳೆಯುವ ಉಪಾಯಗಳು ಈಗ ಬಂದಿವೆ. 2012ಕ್ಕೆ ಹಿಂದಿನ ಲೇಖನಗಳನ್ನು ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಪ್ರಸಂಗವಶಾತ್ ನೆನಪಿಗೆ ಬರುವುದು, ಕ್ರೇಗ್ ಬೆನೆಟ್ ಮೊದಲಾದವರು 2009ರಲ್ಲಿ ಸತ್ತ ಸಾಲ್ಮನ್ ಮೀನೊಂದನ್ನು ಇದೇ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಸಂಖ್ಯಾಶಾಸ್ತ್ರದ ಶಿಸ್ತನ್ನು ಬಿಟ್ಟು ಲೆಕ್ಕ ಹಾಕಿದಾಗ ಮೀನಿನ ಮಿದುಳಿನಲ್ಲಿ ‘ಚಟುವಟಿಕೆ’ ಕಂಡ ಕಥೆ. ನಗೆಗಾಗಿ ಮಾಡಿದ್ದಲ್ಲ, ಶಿಸ್ತು ಏಕೆ ಬೇಕೆಂದು ತೋರಿಸಲು ಮಾಡಿದ್ದು.

ಇಷ್ಟಾದರೂ ಉಳಿಯುವ ಫಲಿತಾಂಶವಿಲ್ಲವೆಂದಲ್ಲ. ಮಿದುಳಿನ ನಡುವೆ ಇಂದ್ರಿಯ ಸಂಜ್ಞೆಗಳನ್ನು ಹಾಯಿಸಿಕೊಡುವ ಥೆಲಾಮಸ್ ಎಂಬ ಭಾಗವಿದೆ. ರೋಗಿಗಳಲ್ಲಿ ಅದಕ್ಕೂ ಹಣೆಯ ಹಿಂದಿನ ಭಾಗಕ್ಕೂ ಇರುವ ಸಹಸಂಬಂಧ ಇಳಿದು, ಅದಕ್ಕೂ ಇಂದ್ರಿಯ-ಚಾಲಕ ಭಾಗಗಳಿಗೂ ಇರುವುದು ಏರಿರುವುದನ್ನು 2012ರಿಂದೀಚೆಗೆ ಹಲವು ಗುಂಪುಗಳು ಕಂಡಿವೆ. ಈ ಕ್ಷೇತ್ರದಲ್ಲಿ ಪದೇ ಪದೇ ಕಂಡುಬಂದ ಫಲಿತಾಂಶವೊಂದನ್ನು ಹೆಸರಿಸೆಂದರೆ ನಾವು ಇದನ್ನೇ ಹೆಸರಿಸುವೆವು. ಇಲ್ಲಿ ಒಂದು ಕಡೆ ಇಳಿತ, ಇನ್ನೊಂದು ಕಡೆ ಏರಿಕೆ ಎಂಬುದನ್ನು ಗಮನಿಸಬೇಕು. ವಿಯೋಗವಾದಕ್ಕೆ ಇದು ಅರ್ಧ ಮಾತ್ರ ಒದಗುತ್ತದೆ. ಅದಕ್ಕಿಂತ ಹಿಂದೆ, 2004ರಲ್ಲಿ, ಸ್ವಿಟ್ಜರ್ಲೆಂಡಿನ ಡೇನಿಯೆಲಾ ಹ್ಯೂಬಲ್ ಮತ್ತು ಸಂಗಡಿಗರು ಇಲ್ಲದ ದನಿಗಳನ್ನು ಕೇಳುವ ರೋಗಿಗಳಲ್ಲಿ, ಮಾತಾಡುವ ಮತ್ತು ಮಾತನ್ನು ಗ್ರಹಿಸುವ ಭಾಗಗಳ ನಡುವಣ ದಾರಿಯ ಕೆಲವೆಡೆ ದಿಕ್ಕಿನಂಕ ಹೆಚ್ಚಾಗಿರುವುದನ್ನೇ ಕಂಡಿದ್ದರು. ಅದು ಸಣ್ಣ ಅಧ್ಯಯನ, ಹೆಚ್ಚು ಭಾರ ಹೊರಿಸಲಾಗದು. ಆದರೂ ತನ್ನೊಳಗಿನ ಮಾತನ್ನೇ ಪರರ ಮಾತೆಂದು ಕೇಳುವುದು ದಾರಿ ಕಡಿದುದರಿಂದ ಆಗುವುದೋ, ದಾರಿ ಬೇಡದಾಗಲೂ ತೆರೆದಿರುವುದರಿಂದ ಆಗುವುದೋ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ.

ಇಲ್ಲಿಯೇ ವಾದದ ಮುಖ್ಯ ದೌರ್ಬಲ್ಯ ಕಾಣುವುದು. ಸಂಬಂಧ ಇಳಿದರೆ ವಾದಕ್ಕೆ ಪುಷ್ಟಿ, ಏರಿದರೂ ಪುಷ್ಟಿ, ಒಂದೆಡೆ ಇಳಿದು ಒಂದೆಡೆ ಏರಿದರೆ ಇನ್ನೂ ಪುಷ್ಟಿ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಯಾವ ಫಲಿತಾಂಶ ಬಂದರೆ ವಾದವನ್ನು ಬಿಡುವೆವೆಂದು ಮೊದಲೇ ಹೇಳದ ವಾದ ಸೋಲುವುದೂ ಇಲ್ಲ, ಗೆಲ್ಲುವುದೂ ಇಲ್ಲ. ಲಕ್ಷಣಕಾರರು ಅತಿವ್ಯಾಪ್ತಿಯೆಂದು ಕರೆಯುವ ದೋಷ ಇದು: ಸ್ವಲೀನತೆ, ಖಿನ್ನತೆ, ದ್ವಿಧ್ರುವ ವಿಕಾರ, ಎಲ್ಲಕ್ಕೂ ಸಂಬಂಧದ ವ್ಯತ್ಯಾಸವೇ ಕಾರಣವೆಂದು ಲೇಖನಗಳಿರುವಾಗ, ಸ್ಕಿಜೋಫ್ರೀನಿಯವನ್ನು ಅವುಗಳಿಂದ ಬೇರ್ಪಡಿಸುವ ಲಕ್ಷಣವಾಗಿ ಆ ಮಾತು ನಿಲ್ಲಲಾರದು.

ಹಾಗಾದರೆ ವಾದವನ್ನು ಪರೀಕ್ಷಿಸುವ ಬೇರೆ ದಾರಿ ಇದೆಯೇ? ಇದೆಯೆಂದು ನಮ್ಮ ಮತ. ಸಂಬಂಧ ನಿಜವಾಗಿ ಕಡಿದ ಜನರನ್ನೇ ನೋಡಬೇಕು. 1962ರಲ್ಲಿ ಲಾಸ್ ಏಂಜಲಿಸ್‌ನ ಶಸ್ತ್ರವೈದ್ಯರಾದ ಬೋಗನ್ ಮತ್ತು ವೋಗೆಲ್ ಹತೋಟಿಗೆ ಬಾರದ ಅಪಸ್ಮಾರದಿಂದ ನರಳುತ್ತಿದ್ದ ರೋಗಿಯೊಬ್ಬನ ಕಾರ್ಪಸ್ ಕೆಲೋಸಮ್ಮನ್ನು ಕತ್ತರಿಸಿದರು. ಮುಂದೆ ಇನ್ನೂ ಹಲವರಿಗೆ ಅದೇ ಚಿಕಿತ್ಸೆ ನಡೆಯಿತು. ಅವರನ್ನು ಪರೀಕ್ಷಿಸಿದ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲು ಪಡೆದರು. ಮಿದುಳಿನ ಅತಿ ದೊಡ್ಡ ತಂತುಕಟ್ಟು ಪೂರ್ತಿಯಾಗಿ ಕಡಿದ ಈ ಜನರಲ್ಲಿ ಎಡಗೈಗೆ ತಿಳಿದದ್ದನ್ನು ಬಾಯಿ ಹೇಳಲಾರದಂಥ ವಿಚಿತ್ರಗಳು ಕಂಡವು. ಆದರೆ ಅವರು ಅದರಿಂದಾಗಿ ಸ್ಕಿಜೋಫ್ರೀನಿಯದ ರೋಗಿಗಳಾಗಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿ ಶ್ವೇತದ್ರವ್ಯವನ್ನು ಅಲ್ಲಲ್ಲಿ ಹಾಳುಮಾಡುತ್ತದೆ. ಅದರ ರೋಗಿಗಳಲ್ಲಿಯೂ ಬಹುಪಾಲು ಮಂದಿಗೆ ಇಂಥ ಚಿತ್ತವಿಕಾರ ಬರುವುದಿಲ್ಲ. ಕಡಿದ ತಂತಿಯೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ಇದಕ್ಕೆ ಸಂಬಂಧವಾದಿಗಳ ಕಡೆಯಿಂದ ಬಲವಾದ ಸಮಾಧಾನವೊಂದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮೆಟಾಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರೊಫಿ ಎಂಬ ಅಪರೂಪದ ಆನುವಂಶಿಕ ರೋಗದಲ್ಲಿ ಒಂದು ಕಿಣ್ವದ ಕೊರತೆಯಿಂದ ಮಯಲಿನ್ ಕ್ರಮೇಣ ಕೆಡುತ್ತದೆ. ಶೈಶವದಲ್ಲಿ ಬಂದರೆ ಮಗು ನಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದೇ ರೋಗ ಹದಿವಯಸ್ಸಿನಿಂದ ಮೂವತ್ತರ ಒಳಗೆ ತಲೆದೋರಿದರೆ ಬೇರೆ ಮುಖ ತೋರುತ್ತದೆ. ಹೈಡ್, ಝೀಗ್ಲರ್ ಮತ್ತು ವೈನ್‌ಬರ್ಗರ್ 1992ರಲ್ಲಿ ಅದುವರೆಗೆ ವರದಿಯಾಗಿದ್ದ ರೋಗಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ವಯಸ್ಸಿನವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಚಿತ್ತವಿಕಾರ ಉಂಟಾಗಿತ್ತು: ಇಲ್ಲದ ದನಿಗಳು, ಆಧಾರವಿಲ್ಲದ ದೃಢ ನಂಬಿಕೆಗಳು, ಸ್ಕಿಜೋಫ್ರೀನಿಯವೆಂದೇ ವೈದ್ಯರು ಭ್ರಮಿಸುವಷ್ಟು ಹೋಲಿಕೆ. ಸ್ಕಿಜೋಫ್ರೀನಿಯವೂ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ದಶಕದಲ್ಲಿ. ಹಣೆಯ ಹಿಂದಿನ ಭಾಗದ ತಂತುಗಳು ಮಯಲಿನ್ ಹೊದಿಕೆಯನ್ನು ಪಡೆದು ಬಲಿಯುತ್ತಿರುವ ಕಾಲವೂ ಅದೇ. ಈ ಎರಡು ಉದಾಹರಣೆಗಳನ್ನು ಎದುರುಬದುರಾಗಿ ಇಟ್ಟಾಗ ನಮಗೆ ತೋರುವುದಿಷ್ಟು. ಕತ್ತರಿಸಿದ ದಾರಿ ಈ ರೋಗವನ್ನು ತರುವುದಿಲ್ಲ. ಬೆಳವಣಿಗೆಯ ಒಂದು ನಿರ್ದಿಷ್ಟ ಘಟ್ಟದಲ್ಲಿ ದಾರಿ ತೆರೆದಿದ್ದೂ ಸಂಜ್ಞೆಗಳು ಹೊತ್ತು ತಪ್ಪಿ ಮುಟ್ಟಿದರೆ ಇಂಥ ರೋಗ ಬರುವುದು ಶಕ್ಯ. ವಿಯೋಗಕ್ಕೆ ಇಲ್ಲಿ ಸಾಕ್ಷ್ಯವಿಲ್ಲ, ದುರ್ಯೋಗಕ್ಕೆ ಇದೆ. ಒಂದು ಅಪರೂಪದ ರೋಗದ ಸಾಕ್ಷ್ಯವನ್ನು ಇಡೀ ಸ್ಕಿಜೋಫ್ರೀನಿಯಕ್ಕೆ ಹರಡುವುದು ಸಾಹಸವಾದೀತೆಂಬ ಎಚ್ಚರವನ್ನು ಮಾತ್ರ ಬಿಡಬಾರದು.

ಹೆಸರಿನ ವಿಚಾರ ಇನ್ನೂ ಉಳಿದಿದೆ. ಕನ್ನಡದಲ್ಲಿ ಈ ರೋಗವನ್ನು ‘ಛಿದ್ರಮನಸ್ಕತೆ’ ಎಂದೂ ‘ಇಚ್ಛಿತ್ತವಿಕಲತೆ’ ಎಂದೂ ಬರೆಯುವುದುಂಟು. ಮೊದಲನೆಯದು ಬ್ಲಾಯ್ಲರನ ಗ್ರೀಕಿನ ಶಬ್ದಾನುವಾದ. ‘ಛಿದ್ರ’ ಎಂದರೆ ಬಿರುಕು, ತೂತು. ಒಡೆದ ಮಡಕೆಗೆ ಹೇಳುವ ಮಾತು. ಜಪಾನಿನಲ್ಲಿಯೂ ‘ಮನಸ್ಸು ಸೀಳಿದ ರೋಗ’ ಎಂಬರ್ಥದ ಹೆಸರಿತ್ತು. ರೋಗಿಗಳ ಕುಟುಂಬದವರ ಸಂಘ ಕೇಳಿಕೊಂಡ ಮೇಲೆ ಅಲ್ಲಿನ ಮನೋವೈದ್ಯರು 2002ರಲ್ಲಿ ಅದನ್ನು ಬಿಟ್ಟು, ಸಮನ್ವಯ ತಪ್ಪಿದ ವಿಕಾರ ಎಂಬರ್ಥದ ಹೊಸ ಹೆಸರನ್ನು ಒಪ್ಪಿದರು. ದಕ್ಷಿಣ ಕೊರಿಯದವರು 2011-12ರಲ್ಲಿ ಆರಿಸಿಕೊಂಡ ಹೆಸರು ತಂತಿವಾದ್ಯದ ಶ್ರುತಿ ಹೊಂದಿಸುವ ಕ್ರಿಯೆಯಿಂದ ಬಂದದ್ದು. ತಂತಿ ಕಡಿದಿಲ್ಲ, ಶ್ರುತಿ ಕೂಡಿಲ್ಲ ಎಂಬ ಭಾವ ವೀಣೆಯ ನಾಡಿನವರಾದ ನಮಗೆ ಬೇಗ ಹಿಡಿಸುತ್ತದೆ; ಅದು ದುರ್ಯೋಗವಾದಕ್ಕೂ ಹೊಂದುತ್ತದೆ. ಇದೂ ಉಪಮೆಯೇ ಎಂಬುದನ್ನು ಮರೆತರೆ ಟೆಲಿಫೋನಿನ ಗತಿಯೇ ಇದಕ್ಕೂ ಬಂದೀತು. ಹೊಸ ಕನ್ನಡ ಹೆಸರನ್ನು ಟಂಕಿಸುವ ಅಧಿಕಾರ ನಮಗಿಲ್ಲ. ಸದ್ಯಕ್ಕೆ ಪಾಠದಲ್ಲಿಯೂ ಪ್ರಶ್ನಪತ್ರಿಕೆಯಲ್ಲಿಯೂ ‘ಛಿದ್ರ’ವನ್ನು ಬಿಟ್ಟು ಸ್ಕಿಜೋಫ್ರೀನಿಯ ಎಂಬ ತತ್ಸಮ ರೂಪವನ್ನೇ ಉಳಿಸಿಕೊಳ್ಳುವುದು ಲೇಸೆಂದು ಅಧ್ಯಾಪಕ ಮಿತ್ರರಿಗೆ ಸೂಚಿಸುತ್ತೇವೆ.

ಆ ವಿದ್ಯಾರ್ಥಿನಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಲಾದರೂ ಬರೆಯಬಹುದು. ಅವಳ ಅಣ್ಣನ ತಲೆಯಲ್ಲಿ ಕಡಿದ ತಂತಿಯೊಂದಿದೆಯೆಂದು ತೋರಿಸಬಲ್ಲ ಚಿತ್ರ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. 2013ರ ಅಮೆರಿಕದ ರೋಗಸೂಚಿಯಲ್ಲಾಗಲಿ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸೂಚಿಯಲ್ಲಾಗಲಿ ಈ ರೋಗವನ್ನು ನಿರ್ಣಯಿಸಲು ಮಿದುಳಿನ ಚಿತ್ರವನ್ನು ಕೇಳಿಲ್ಲ. ವೈದ್ಯರು ಚಿತ್ರ ತೆಗೆಸುವುದು ಗಡ್ಡೆ ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತಪಡಿಸಿಕೊಳ್ಳಲು. ರೋಗನಿರ್ಣಯ ನಡೆಯುವುದು ರೋಗಿಯೊಡನೆ ಮತ್ತು ಮನೆಯವರೊಡನೆ ಆಡುವ ಮಾತಿನಿಂದ. ಕೂಡಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ತಂತುಗಳ ಅಳತೆಯಿಂದ ಉತ್ತರವಿಲ್ಲ, ಜನಜೀವನದ ಅಳತೆಯಿಂದ ಒಂದಿಷ್ಟು ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಊರುಗಳಲ್ಲಿಯೇ ಇರುವ ಸ್ಕಿಜೋಫ್ರೀನಿಯದ ರೋಗಿಗಳನ್ನು ಗುರುತಿಸಿ ನಡೆಸಿದ ಅಧ್ಯಯನದಲ್ಲಿ, ಔಷಧ ಪಡೆಯುತ್ತಿದ್ದವರ ಅಸಾಮರ್ಥ್ಯ ಪಡೆಯದಿದ್ದವರಿಗಿಂತ ಕಡಿಮೆಯಿತ್ತು. ದಿನದ ಕೆಲಸ, ಮನೆಯವರೊಡನೆ ಒಡನಾಟ, ತನ್ನ ಮೈಯ ಆರೈಕೆ ಇವುಗಳನ್ನೇ ಅಲ್ಲಿ ಅಸಾಮರ್ಥ್ಯದ ಅಳತೆಗೆ ಹಿಡಿದದ್ದು. ನಮ್ಮ ನಾಡಿನಲ್ಲಿ ನಡೆದ ಈ ಕೆಲಸ ಪಾಠಪಟ್ಟಿಯಲ್ಲಿ ಇದುವರೆಗೆ ಸೇರದಿರುವುದು ನಮ್ಮದೇ ಲೋಪ.

ಟೆಲಿಫೋನಿನ ಚಿತ್ರಪಟವನ್ನು ಕಳೆದ ವರ್ಷ ಗೋಡೆಯಿಂದ ಇಳಿಸಿದೆವು. ಅದರ ಜಾಗದಲ್ಲಿ ಈಗ 0.42ರ ಅಂತರದಲ್ಲಿ ಬರೆದ ಎರಡು ವಕ್ರರೇಖೆಗಳ ನಕ್ಷೆಯಿದೆ, ಒಂದು ಕೆಂಪು, ಒಂದು ನೀಲಿ. ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಎರಡೂ ಕೂಡಿ ಒಂದೇ ರೇಖೆಯಂತೆ ಕಾಣುತ್ತವೆಂದು ದೂರು ಬಂದಿದೆ. ತಿದ್ದುವುದು ಬೇಡವೆಂದು ತೀರ್ಮಾನಿಸಿದ್ದೇವೆ.